ಹೆಂಪ್ ಸರಕನ್ನು ಯಾರಿಂದ ತರಿಸಬೇಕು? ಸಣ್ಣ ಅಂಗಡಿಯವರಿಗೆ ಒಂದು ಹೋಲಿಕೆ

ನಮ್ಮದು ಮೈಸೂರಿನಲ್ಲಿ ಒಂದು ಸಣ್ಣ ಸಿರಿಧಾನ್ಯದ ಅಂಗಡಿ. ನವಣೆ, ಸಾಮೆ, ಗಾಣದ ಎಣ್ಣೆ, ಜೋನಿಬೆಲ್ಲ, ಇಂಥವೇ ಜಾಸ್ತಿ. ಹೆಂಪ್ ಬೀಜ ಇಟ್ಟ ಮೊದಲ ದಿನ ಒಬ್ಬ ಗಿರಾಕಿ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಇದು ಗಾಂಜಾ ಗಿಡದ್ದೇ ಅಲ್ವಾ?"

ಹೌದು, ಅದೇ ಜಾತಿಯ ಗಿಡ. ಆದರೆ ಬೀಜದಲ್ಲಿ ಅಮಲು ಇಲ್ಲ, ಕಾನೂನು ಒಪ್ಪಿದೆ, ಪರೀಕ್ಷೆ ಮಾಡಿಸಿದ ಸರಕು ಅಂತೆಲ್ಲ ಹೇಳಿದೆ. "ಪರೀಕ್ಷೆಯ ಕಾಗದ ತೋರಿಸ್ತೀರಾ?" ಅಂದರು. ನನ್ನ ಹತ್ತಿರ ಇರಲಿಲ್ಲ. ಸಗಟು ವ್ಯಾಪಾರಿಗೆ ಫೋನ್ ಮಾಡಿದೆ. ಕಳಿಸ್ತೀನಿ ಅಂದರು. ಎರಡು ವಾರ ಕಾದೆ, ಬರಲಿಲ್ಲ. ಆ ಗಿರಾಕಿಯೂ ಆಮೇಲೆ ಬರಲಿಲ್ಲ.

ಅವತ್ತಿನಿಂದ ನನ್ನ ಅಳತೆ ಬದಲಾಯಿತು. ಬೇರೆ ಸರಕಿಗೆ ಮೊದಲು ದರ ಕೇಳುತ್ತೇನೆ, ಹೆಂಪ್‌ಗೆ ಮೊದಲು ಕಾಗದ ಕೇಳುತ್ತೇನೆ. ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಉತ್ತರ ಹೇಳುವವರು ನಾವು. ಆ ಉತ್ತರವನ್ನು ನಮ್ಮ ಕೈಗೆ ಕೊಡಬಲ್ಲವರನ್ನೇ ಆರಿಸಬೇಕು.

ಮೊದಲು ಕಾನೂನು, ಬೇಗ ಮುಗಿಸೋಣ

ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ಆ ತುದಿ ಜೊತೆಗಿಲ್ಲದಿದ್ದರೆ ಬೀಜ ಮತ್ತು ಎಲೆ ಅದರೊಳಗೆ ಬರುವುದಿಲ್ಲ. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟು ಈ ಮೂರನ್ನು ಆಹಾರವಾಗಿ ಮಾರಲು ಒಪ್ಪಿತು. ಅದಕ್ಕೆ ಮಿತಿಗಳನ್ನೂ ಹಾಕಿತು. ಅಮಲು ತರುವ ಟಿಎಚ್‌ಸಿ ಅಂಶ ಬೀಜದಲ್ಲಿ ಕೆಜಿಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ ಕೆಜಿಗೆ 10 ಮಿಲಿಗ್ರಾಂ ದಾಟಬಾರದು. ಪೊಟ್ಟಣದ ಮೇಲೆ ಬೀಜದ ಚಿತ್ರ ಹಾಕಬಹುದು, ಎಲೆಯ ಚಿತ್ರ ಹಾಕುವಂತಿಲ್ಲ. ಅಮಲಿನ ಸುಳಿವು ಕೊಡುವ ಮಾತು, ಸಿಬಿಡಿಯಿಂದ (ಇದೇ ಗಿಡದ, ಅಮಲು ತರದ ಇನ್ನೊಂದು ಅಂಶ) ಆರೋಗ್ಯ ಸುಧಾರಿಸುತ್ತದೆ ಎನ್ನುವ ಮಾತು ಇರಬಾರದು.

ಎಲೆಯ ವಿಷಯ ಬೇರೆ. ಎನ್‌ಡಿಪಿಎಸ್‌ನ ಗಾಂಜಾ ಅಲ್ಲ ಅಂದ ಮಾತ್ರಕ್ಕೆ ಭಂಗಿ ಸೊಪ್ಪನ್ನು ಅಂಗಡಿಯಲ್ಲಿ ಇಡಬಹುದು ಅಂತಲ್ಲ. ಅದು ರಾಜ್ಯದ ಅಬಕಾರಿ ಕಾಯ್ದೆಯ ಕೆಳಗೆ ಬರುತ್ತದೆ. "ಎಲೆ ಪುಡಿಯೂ ಇದೆ, ಬೇಕಾ ಸಾರ್?" ಅಂತ ಸಗಟಿನವರು ಫೋನಿನಲ್ಲಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಮೂರು ಬಗೆಯ ಪೂರೈಕೆದಾರರು

ಮೊದಲನೆಯವರು ಬೆಳೆಯುವ ಕಡೆಯಿಂದಲೇ ಕಳಿಸುವವರು. ನಮ್ಮ ದೇಶದಲ್ಲಿ ಕೈಗಾರಿಕಾ ಹೆಂಪ್ ಬೆಳೆಯಲು ಮೊದಲು ಪರವಾನಗಿ ಕೊಟ್ಟ ರಾಜ್ಯ ಉತ್ತರಾಖಂಡ. ಅಲ್ಲಿನ ಬೆಟ್ಟದ ಜನರಿಗೆ ಈ ಬೀಜ ಹೊಸದೇನಲ್ಲ. ಕುಮಾವೂಂ ಕಡೆ ಹುರಿದು ಅರೆದು ಚಟ್ನಿ ಮಾಡಿ ತಿನ್ನುತ್ತಾರೆ, ನಾವು ಹುಚ್ಚೆಳ್ಳು, ಅಗಸೆಯಲ್ಲಿ ಮಾಡಿದ ಹಾಗೆ. ಅಲ್ಲಿಂದ ನೇರ ತರಿಸಿದರೆ ದರ ಕಡಿಮೆ, ಬೀಜ ಹೊಸದು. ಯಾವ ಊರಿನ ಬೆಳೆ ಅಂತ ಗಿರಾಕಿಗೆ ಹೆಸರು ಹಿಡಿದು ಹೇಳಬಹುದು. ತೊಂದರೆಯೂ ಇದೆ. ಸರಕು ಲಾರಿ ಆಫೀಸಿಗೆ ಬಂದು ಇಳಿಯಲು ದಿನಗಳು ಹಿಡಿಯುತ್ತವೆ. ಒಂದು ಮೂಟೆಗಿಂತ ಕಡಿಮೆ ಕಳಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದು ಸಲದ ಬೀಜ ನುಣ್ಣಗೆ ಸ್ವಚ್ಛವಾಗಿದ್ದರೆ, ಮುಂದಿನ ಸಲದ್ದನ್ನು ಮೊರ ಹಿಡಿದು ಕೇರಬೇಕಾಗುತ್ತದೆ.

ಅಲ್ಲಿಂದ ತರಿಸುವಾಗ ಹೆಸರಿನ ಗೊಂದಲವೂ ಆಗುತ್ತದೆ. ಉತ್ತರಾಖಂಡದಲ್ಲಿ ಭಂಗ್‌ಜೀರಾ ಅಂತ ಒಂದು ಬೀಜವಿದೆ. ಹೆಸರಲ್ಲಿ ಭಂಗ್ ಇದೆ ಅಷ್ಟೇ, ಅದು ಪೆರಿಲ್ಲಾ ಎನ್ನುವ ಬೇರೆಯೇ ಗಿಡ, ತುಳಸಿಯ ಕುಟುಂಬದ್ದು. ಒಳ್ಳೆಯ ಬೀಜವೇ, ಆದರೆ ಹೆಂಪ್ ಅಲ್ಲ. ಹಾಗಾಗಿ ಆರ್ಡರ್ ಬರೆಯುವಾಗ ಗಿಡದ ವೈಜ್ಞಾನಿಕ ಹೆಸರು ಕ್ಯಾನಬಿಸ್ ಸಟೈವಾ ಅಂತ ಬರೆದುಬಿಡಿ, ಬಿಲ್ಲಿನಲ್ಲೂ ಹಾಗೇ ಬರಲಿ.

ಎರಡನೆಯವರು ಬ್ರಾಂಡ್ ಕಂಪನಿಗಳು. ಬೆಂಗಳೂರು, ಮುಂಬೈ ಕಡೆಯಿಂದ ಮುಚ್ಚಿದ ಪೊಟ್ಟಣ, ಕಪ್ಪು ಬಾಟಲಿಯಲ್ಲಿ ಕಳಿಸುತ್ತಾರೆ. ದರ ಜಾಸ್ತಿ, ನಮ್ಮ ಲಾಭ ತೆಳು. ಆದರೆ ಕಾಗದ ಕೇಳಿದ ದಿನವೇ ಕೈಗೆ ಬರುವುದು ಇವರಿಂದಲೇ. ಹತ್ತು ಪೊಟ್ಟಣ ಬೇಕು ಅಂದರೂ ಕೆಲವರು ಕಳಿಸುತ್ತಾರೆ. ಮಾರಾಟವಾಗದ್ದನ್ನು ವಾಪಸ್ ತೆಗೆದುಕೊಳ್ಳುವ ಮಾತೂ ಆಗಬಹುದು.

ಮೂರನೆಯವರು ಊರಿನಲ್ಲೇ ಇರುವ ಪ್ಯಾಕರ್‌ಗಳು. ಮೂಟೆ ತರಿಸಿ ಪೊಟ್ಟಣ ಕಟ್ಟಿ ತಮ್ಮ ಚೀಟಿ ಅಂಟಿಸುವವರು. ಇವತ್ತು ಫೋನ್ ಮಾಡಿದರೆ ನಾಳೆ ಸ್ಕೂಟರಿನಲ್ಲಿ ತಂದುಕೊಡುತ್ತಾರೆ. ಉದ್ರಿ ಕೊಡುತ್ತಾರೆ, ಪರಿಚಯವೂ ಆಗುತ್ತದೆ. ಇವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಆದರೆ ಮೂಟೆ ಎಲ್ಲಿಂದ ಬಂತು, ಯಾವಾಗ ಬಿಚ್ಚಿದ್ದು ಅನ್ನುವ ಎಳೆ ಕಡಿದುಹೋಗುವುದು ಇಲ್ಲಿಯೇ. ಪೊಟ್ಟಣದ ಮೇಲಿರುವುದು ಪ್ಯಾಕ್ ಮಾಡಿದ ದಿನ, ಬೀಜದ ವಯಸ್ಸು ಅಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿಯಲ್ಲಿ ಬರೀ ಸಗಟು ವ್ಯಾಪಾರಿ ಅಂತ ಇದ್ದು ಪೊಟ್ಟಣ ತಾವೇ ಕಟ್ಟುತ್ತಿದ್ದರೆ ಅದೂ ಸರಿಯಲ್ಲ, ರೀಪ್ಯಾಕರ್ ಅಂತ ಇರಬೇಕು. ಪೊಟ್ಟಣದ ಮೇಲಿನ 14 ಅಂಕಿಯ ನಂಬರನ್ನು ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿಗಿದೆ, ಚಾಲ್ತಿಯಲ್ಲಿದೆಯೇ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಅಂತರ್ಜಾಲದ ಸಗಟು ಪಟ್ಟಿಗಳಲ್ಲಿ ಸಿಗುವವರನ್ನು ನಾನು ನಾಲ್ಕನೇ ಬಗೆ ಅಂತ ಎಣಿಸುವುದಿಲ್ಲ. ಅಲ್ಲಿರುವವರು ಈ ಮೂವರಲ್ಲಿ ಒಬ್ಬರೇ ಆಗಿರುತ್ತಾರೆ. ಯಾರು ಅಂತ ಗೊತ್ತಾಗುವವರೆಗೆ ಮುಂಗಡ ಹಾಕಬೇಡಿ.

ಪರೀಕ್ಷೆಯ ವರದಿ ಓದುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನನ್ನ ಮಟ್ಟಿಗೆ ಒಬ್ಬ ಪೂರೈಕೆದಾರರಿಗೂ ಇನ್ನೊಬ್ಬರಿಗೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲಿ.

ವರದಿ ಕೇಳಿದರೆ ಬಹಳ ಜನ ಒಂದು ಪುಟದ ಪಿಡಿಎಫ್ ಕಳಿಸುತ್ತಾರೆ. ಅದರಲ್ಲಿ "ಟಿಎಚ್‌ಸಿ ಶೇ. 0.3ಕ್ಕಿಂತ ಕಡಿಮೆ" ಅಂತ ಇರುತ್ತದೆ. ನೋಡಿದ ಕೂಡಲೇ ಸಮಾಧಾನ ಆಗುತ್ತದೆ. ನನಗೂ ಆಗಿತ್ತು. ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಶೇ. 0.3 ಅಂದರೆ ಕೆಜಿಗೆ 3,000 ಮಿಲಿಗ್ರಾಂ. ಬೀಜಕ್ಕೆ ಇರುವ ಮಿತಿ ಕೆಜಿಗೆ 5 ಮಿಲಿಗ್ರಾಂ. 600 ಪಟ್ಟು ವ್ಯತ್ಯಾಸ! ಶೇ. 0.3 ಅನ್ನುವುದು ಹೊಲದಲ್ಲಿ ನಿಂತ ಬೆಳೆಗೆ ಹಾಕಿದ ಮಿತಿ. ತಿನ್ನುವ ಬೀಜಕ್ಕೆ ಅದು ಏನನ್ನೂ ಹೇಳುವುದಿಲ್ಲ.

"ಪತ್ತೆಯಾಗಿಲ್ಲ" ಅಂತ ಬರೆದಿದ್ದರೂ ಅಷ್ಟಕ್ಕೇ ಬಿಡಬೇಡಿ. ಆ ಪ್ರಯೋಗಾಲಯ ಅಳೆಯಬಲ್ಲ ಅತಿ ಕಡಿಮೆ ಪ್ರಮಾಣ ಎಷ್ಟು ಅಂತ ಪಕ್ಕದಲ್ಲೇ ಇರುತ್ತದೆ. ಎಲ್‌ಒಕ್ಯೂ ಅಂತ ಬರೆದಿರುತ್ತಾರೆ. ಅದು ಕೆಜಿಗೆ 5 ಮಿಲಿಗ್ರಾಂಗಿಂತ ಕೆಳಗಿರಬೇಕು. ಅಕ್ಕಿ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಿ "ಏನೂ ಇಲ್ಲ" ಅಂದರೆ ಒಪ್ಪಲಾಗುತ್ತದೆಯೇ?

ಇನ್ನೊಂದು ವಿಷಯ ತಿಳಿದಿದ್ದರೆ ಒಳ್ಳೆಯದು. ಬೀಜದ ಒಳಗೆ ಟಿಎಚ್‌ಸಿ ಇಲ್ಲವೆನ್ನುವಷ್ಟು ಕಡಿಮೆ. ಹೂವಿನ ಅಂಟು ಕೊಯ್ಲಿನ ಹೊತ್ತಿಗೆ ಸಿಪ್ಪೆಗೆ ಮೆತ್ತಿಕೊಳ್ಳುತ್ತದೆ. ವರದಿಯಲ್ಲಿ ಅಂಕಿ ಏರುವುದು ಅದರಿಂದ. ಅಂದರೆ ಅಂಕಿ ಜಾಸ್ತಿ ಇದ್ದರೆ ಬೀಜವನ್ನು ಸರಿಯಾಗಿ ಸ್ವಚ್ಛ ಮಾಡಿಲ್ಲ ಅಂತ ಅರ್ಥ. ಸಿಪ್ಪೆ ತೆಗೆದ ಬೀಜದಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಹಾಗಾಗಿ "ಬೀಜ ಹೇಗೆ ಸ್ವಚ್ಛ ಮಾಡ್ತೀರಿ?" ಅಂತ ಕೇಳಿ ನೋಡಿ. ಕೆಲಸ ಗೊತ್ತಿರುವವರು ಜರಡಿ, ಗಾಳಿ ಯಂತ್ರ ಅಂತ ಖುಷಿಯಿಂದ ಹತ್ತು ನಿಮಿಷ ಮಾತಾಡುತ್ತಾರೆ. ಗೊತ್ತಿಲ್ಲದವರು ದರದ ಮಾತಿಗೆ ಹೊರಳುತ್ತಾರೆ.

ವರದಿಯಲ್ಲಿರುವ ಬ್ಯಾಚ್ ನಂಬರ್ ನಿಮ್ಮ ಪೆಟ್ಟಿಗೆಯ ಮೇಲೂ ಇರಬೇಕು. ಎರಡು ವರ್ಷದ ಹಿಂದಿನ ವರದಿಯನ್ನೇ ಎಲ್ಲರಿಗೂ ಕಳಿಸುವವರು ಇದ್ದಾರೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರಬೇಕು, ಈ ಪರೀಕ್ಷೆಗೇ ಇರಬೇಕು. ಟಿಎಚ್‌ಸಿ ಜೊತೆಗೆ ಕೀಟನಾಶಕ, ಸೀಸ, ಬೂಷ್ಟಿನ ವಿಷ ಇವನ್ನೂ ನೋಡಿದ್ದರೆ ಇನ್ನೂ ಒಳ್ಳೆಯದು. ಅನುಮಾನ ಬಂದರೆ ನೀವೇ ಒಂದು ಮಾದರಿ ಕಳಿಸಿ. ಖರ್ಚು ಸಣ್ಣ ಅಂಗಡಿಗೆ ಭಾರ ಅನ್ನಿಸುತ್ತದೆ, ನಿಜ. ನಾಲ್ಕು ಅಂಗಡಿಯವರು ಒಂದೇ ಕಡೆಯಿಂದ ತರಿಸುತ್ತಿದ್ದರೆ ಹಂಚಿಕೊಳ್ಳಬಹುದು.

ಕೊನೆಗೆ ಫಾರ್ಮ್ ಇ. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ನಮಗೆ ಮಾರುವವರು ಸರಕಿನ ಗುಣಮಟ್ಟಕ್ಕೆ ಲಿಖಿತ ವಾರಂಟಿ ಕೊಡಬೇಕು. ಬಿಲ್ಲಿನ ಕೆಳಗೇ ಎರಡು ಸಾಲು ಇದ್ದರೂ ಸಾಕು. ನಾಳೆ ಅಧಿಕಾರಿಗಳು ಬಂದು ಮಾದರಿ ತೆಗೆದಾಗ ನಮ್ಮನ್ನು ಕಾಯುವುದು ಈ ಸಾಲುಗಳು ಮತ್ತು ಬಿಲ್ಲು. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುತ್ತೇನೆ ಅನ್ನುವವರ ಸರಕು ಎಷ್ಟೇ ಚೆನ್ನಾಗಿರಲಿ, ಬೇಡ.

ಎಣ್ಣೆಯನ್ನು ನಂಬುವುದು ಕಷ್ಟ

ಒಂದು ಮೇ ತಿಂಗಳಲ್ಲಿ ಎರಡು ಡಜನ್ ಬಾಟಲಿ ಹೆಂಪ್ ಎಣ್ಣೆ ತರಿಸಿದ್ದೆ. ದರ ಬಹಳ ಚೆನ್ನಾಗಿತ್ತು. ಪೆಟ್ಟಿಗೆ ಬಿಚ್ಚಿದೆ. ಬಾಟಲಿ ಬಿಳಿ ಗಾಜಿನದು, ಎಣ್ಣೆ ಹಸಿರಾಗಿ ಹೊಳೆಯುತ್ತಿತ್ತು. ನೋಡಲು ಅಷ್ಟು ಚೆಂದ. ಮುಚ್ಚಳ ತೆಗೆದರೆ ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ. ಒಂದು ಹನಿ ನಾಲಿಗೆಗೆ ಇಟ್ಟೆ, ಗಂಟಲಲ್ಲಿ ಕೆರೆಯಿತು. ಎಣ್ಣೆ ಕನರಿತ್ತು, ಬಾಟಲಿಯ ಮೇಲಿನ ಕೊನೆಯ ದಿನಾಂಕಕ್ಕೆ ಇನ್ನೂ ಏಳು ತಿಂಗಳಿತ್ತು. ವಾಪಸ್ ತೆಗೆದುಕೊಳ್ಳಿ ಅಂದೆ. "ದಿನಾಂಕ ಇದೆಯಲ್ಲ" ಅಂದರು. ಇಪ್ಪತ್ನಾಲ್ಕನ್ನೂ ಚೆಲ್ಲಿದೆ. ಎಣ್ಣೆ ಚೆಲ್ಲಿದ್ದಕ್ಕಿಂತ, ಇದನ್ನು ಯಾರಿಗಾದರೂ ಕೊಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದೇ ಮನಸ್ಸಿನಲ್ಲಿ ಉಳಿಯಿತು.

ಹೆಂಪ್ ಎಣ್ಣೆಯ ಸುಮಾರು ಮುಕ್ಕಾಲು ಭಾಗ ಒಮೆಗಾ-6 ಮತ್ತು ಒಮೆಗಾ-3 ಕೊಬ್ಬು. ಜನ ಕೊಳ್ಳುವುದೂ ಅದಕ್ಕೇ, ಬೇಗ ಕೆಡುವುದೂ ಅದರಿಂದಲೇ. ಗಾಳಿ, ಬೆಳಕು, ಸೆಖೆ ಮೂರೂ ಇದಕ್ಕೆ ಆಗಿಬರುವುದಿಲ್ಲ. ಆ ಹಸಿರು ಬಣ್ಣ ಬೆಳಕು ಬಿದ್ದಾಗ ಕೆಡುವುದನ್ನು ಇನ್ನೂ ಬೇಗ ಮಾಡುತ್ತದೆ. ಹಾಗಾಗಿ ಎಣ್ಣೆಗೆ ಪೂರೈಕೆದಾರರನ್ನು ಆರಿಸುವಾಗ ಕಪ್ಪು ಬಾಟಲಿ, ಗಾಣ ಹಾಕಿದ ದಿನ, ಪೆರಾಕ್ಸೈಡ್ ಅಂಕಿ (ಎಣ್ಣೆ ಎಷ್ಟು ಕನರಿದೆ ಅಂತ ತೋರಿಸುವ ಅಳತೆ) ಈ ಮೂರನ್ನು ಕೇಳಿ. ಗಾಣದ ಎಣ್ಣೆಗಳಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಪೆರಾಕ್ಸೈಡ್ ಅಂಕಿ 15 ದಾಟಬಾರದು. ಹೊಸ ಎಣ್ಣೆಯಲ್ಲಿ ಅದು ಬಹಳ ಕೆಳಗೇ ಇರಬೇಕು. ಬೇಸಿಗೆಯಲ್ಲಿ ಲಾರಿಯ ತಗಡಿನ ಕೆಳಗೆ ವಾರ ಕಳೆದು ಬರುವ ಎಣ್ಣೆಗಿಂತ, ಎರಡು ದಿನದಲ್ಲಿ ಬರುವ ತುಸು ದುಬಾರಿ ಎಣ್ಣೆ ಮೇಲು. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ನಾನು ಆರಕ್ಕಿಂತ ಜಾಸ್ತಿ ಬಾಟಲಿ ಇಡುವುದಿಲ್ಲ, ಇಟ್ಟದ್ದೂ ಫ್ರಿಜ್ಜಿನಲ್ಲಿ.

ಸಿಪ್ಪೆ ತೆಗೆದ ಬೀಜಕ್ಕೂ ಇದೇ ಮಾತು. ಅದರಲ್ಲಿ ಅರ್ಧದಷ್ಟು ಎಣ್ಣೆಯೇ. ಸಿಪ್ಪೆ ಇರುವ ಬೀಜ ಮಾತ್ರ ಗಟ್ಟಿ, ತಾಳಿಕೊಳ್ಳುತ್ತದೆ.

ಅಗ್ಗವೋ, ವಾಪಸಾತಿಯೋ

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ತೆರಿಗೆ ಬಿಟ್ಟು. ಒಂದು ಪೊಟ್ಟಣ ನಾವು 320 ರೂಪಾಯಿಗೆ ಮಾರುತ್ತೇವೆ ಅಂದುಕೊಳ್ಳಿ. ಒಬ್ಬರು 200ಕ್ಕೆ ಕೊಡುತ್ತಾರೆ, 100 ಪೊಟ್ಟಣ ಒಟ್ಟಿಗೆ ಕೊಳ್ಳಬೇಕು, ಲಾರಿ ಬಾಡಿಗೆ 1,200 ನಮ್ಮದು, ವಾಪಸ್ ಇಲ್ಲ. ಇನ್ನೊಬ್ಬರು 230ಕ್ಕೆ ಕೊಡುತ್ತಾರೆ, ಬಾಡಿಗೆ ಅವರದು, ಉಳಿದದ್ದು ವಾಪಸ್.

ನೂರೂ ಮಾರಾಟವಾದರೆ ಮೊದಲನೆಯವರಲ್ಲಿ 10,800 ರೂಪಾಯಿ ಉಳಿಯುತ್ತದೆ, ಎರಡನೆಯವರಲ್ಲಿ 9,000. ಅಗ್ಗದವರೇ ಗೆದ್ದರು. ಎಂಬತ್ತು ಮಾತ್ರ ಮಾರಾಟವಾದರೆ? ಮೊದಲನೆಯವರಲ್ಲಿ 4,400, ಎರಡನೆಯವರಲ್ಲಿ 7,200. ಎರಡೂ ಸರಿಸಮ ಆಗುವುದು ಸುಮಾರು 92 ಪೊಟ್ಟಣ ಮಾರಿದಾಗ. ನೂರಕ್ಕೆ ತೊಂಬತ್ತೆರಡಕ್ಕಿಂತ ಜಾಸ್ತಿ ಖಂಡಿತ ಹೋಗುತ್ತದೆ ಅನ್ನುವ ಧೈರ್ಯ ಇದ್ದರೆ ಮಾತ್ರ ಅಗ್ಗದವರ ಹತ್ತಿರ ಹೋಗಿ. ಹೊಸ ಸರಕಿಗೆ ಆ ಧೈರ್ಯ ಮೊದಲ ವರ್ಷ ಯಾರಿಗೂ ಇರುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ ಹೀಗೆ. ಮೊದಲ ಆರು ತಿಂಗಳು ಬ್ರಾಂಡ್ ಕಂಪನಿಯ ಸರಕು, ಸಣ್ಣ ಸಣ್ಣ ಆರ್ಡರ್. ಖಾಯಂ ಗಿರಾಕಿಗಳು ಎಷ್ಟು ಅಂತ ಗೊತ್ತಾದ ಮೇಲೆ ಸಿಪ್ಪೆ ಇರುವ ಬೀಜವನ್ನು ಬೆಟ್ಟದಿಂದ ನೇರ ತರಿಸುವುದು. ಎಣ್ಣೆಯನ್ನು ಬ್ರಾಂಡ್‌ನವರಲ್ಲೇ ಮುಂದುವರಿಸುವುದು. ವಾಪಸಾತಿಯ ಮಾತನ್ನು ಫೋನಿನಲ್ಲಿ ಬಿಡಬೇಡಿ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. "ದಿನಾಂಕ ಇದ್ದರೂ ಕನರಿದರೆ ವಾಪಸ್" ಅನ್ನುವ ಸಾಲು ಅದರಲ್ಲಿ ಇರಲಿ.

ಬಟ್ಟೆ, ಚೀಲ: ಇಲ್ಲಿ ಹೆಸರೇ ಗೊಂದಲ

ಕನ್ನಡದಲ್ಲಿ ಸೆಣಬು ಅನ್ನುವ ಒಂದೇ ಮಾತು ಎಷ್ಟು ಗಿಡಗಳಿಗೆ ಓಡಾಡುತ್ತದೆ ನೋಡಿ. ಗೋಣಿಚೀಲದ ಸೆಣಬು ಜೂಟ್. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬು ಹುರುಳಿ, ಅವರೆಯ ಕುಟುಂಬದ್ದು, ಇಂಗ್ಲಿಷಿನಲ್ಲಿ ಅದಕ್ಕೂ ಸನ್ ಹೆಂಪ್ ಅಂತಲೇ ಹೆಸರು. ಪುಂಡಿ ನಾರು ಇನ್ನೊಂದು. ಇವು ಯಾವುವೂ ನಾವು ಮಾತಾಡುತ್ತಿರುವ ಹೆಂಪ್ ಅಲ್ಲ. "ಹೆಂಪ್ ಬ್ಯಾಗ್" ಅಂತ ಆರ್ಡರ್ ಕೊಟ್ಟರೆ ಜೂಟ್ ಬಂದಿಳಿಯುವುದು ಮೋಸದಿಂದಲೇ ಅಂತಲ್ಲ, ಮಾತಿನ ಗೊಂದಲದಿಂದಲೂ ಆಗುತ್ತದೆ.

ಗುರುತಿಸಲು ಸುಲಭದ ಒಂದು ದಾರಿ ಬಿಲ್ಲಿನಲ್ಲೇ ಇದೆ. ಎಚ್‌ಎಸ್‌ಎನ್ ನಂಬರ್, ಅಂದರೆ ತೆರಿಗೆಗಾಗಿ ಸರಕಿನ ಬಗೆ ಗುರುತಿಸುವ ನಂಬರ್ ನೋಡಿ. ಹೆಂಪ್ ನಾರಿಗೆ 5302, ಜೂಟ್ ನಾರಿಗೆ 5303. ನೇಯ್ದ ಬಟ್ಟೆಯಾದರೆ ಜೂಟ್‌ಗೆ 5310, ಹೆಂಪ್‌ನಂಥ ಬೇರೆ ನಾರಿನ ಬಟ್ಟೆಗೆ 5311. ಬಾಯಲ್ಲಿ ಹೆಂಪ್, ಬಿಲ್ಲಿನಲ್ಲಿ 5310 ಅಂತಿದ್ದರೆ ಅದು ಏನು ಅಂತ ಬಿಲ್ಲೇ ಹೇಳಿತು. ಬಟ್ಟೆ ಸುಟ್ಟು ನೋಡುವ ಪರೀಕ್ಷೆಯನ್ನು ನೆಚ್ಚಬೇಡಿ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಂಟಾಗುತ್ತದೆ, ಅಷ್ಟು ತಿಳಿಯುತ್ತದೆ. ಹತ್ತಿ, ಜೂಟ್, ಹೆಂಪ್ ಮೂರೂ ಕಾಗದದ ಹಾಗೇ ಉರಿಯುತ್ತವೆ.

ಹತ್ತಿ ಬೆರೆಸಿದ ಹೆಂಪ್ ಬಟ್ಟೆ ತಪ್ಪಲ್ಲ, ಮೆತ್ತಗಿರುತ್ತದೆ, ಚೆನ್ನಾಗಿ ಹೋಗುತ್ತದೆ. ಎಷ್ಟು ಪಾಲು ಅಂತ ಚೀಟಿಯಲ್ಲಿ ಇರಲಿ. ಸಾಬೂನು, ಮುಖಕ್ಕೆ ಹಚ್ಚುವ ಕ್ರೀಮಿಗೆ ತಯಾರಕರ ಕಾಸ್ಮೆಟಿಕ್ ಪರವಾನಗಿ ನಂಬರ್ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಹೆಂಪ್ ಎಣ್ಣೆ ಎಲ್ಲಿದೆ ಅಂತಲೂ ನೋಡಿ. ಕೊನೆಯ ಸಾಲಿನಲ್ಲಿದ್ದರೆ ಇರುವುದು ಹೆಸರಿಗಷ್ಟೇ.

ವಿಜಯಾ ಔಷಧಿ ಇಡಬೇಕೇ?

ಆಯುರ್ವೇದದಲ್ಲಿ ಇದೇ ಗಿಡದ ಎಲೆಗೆ ವಿಜಯಾ ಅನ್ನುತ್ತಾರೆ. ಆಯುಷ್ ಪರವಾನಗಿ ಇರುವ ತಯಾರಕರು ಅದರ ಸಾರದಿಂದ ಎಣ್ಣೆ, ಮಾತ್ರೆ ಮಾಡುತ್ತಾರೆ. ಇದು ಔಷಧ ನಿಯಮಗಳಲ್ಲಿ ವಿಷದ ಪದಾರ್ಥಗಳನ್ನು ಹೆಸರಿಸುವ ಶೆಡ್ಯೂಲ್ ಇ-1 ಪಟ್ಟಿಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಅಂತ ಬಾಟಲಿಯ ಮೇಲೆ ಎಚ್ಚರಿಕೆ ಇರಲೇಬೇಕು. ಲಾಭ ಇದರಲ್ಲೇ ಜಾಸ್ತಿ, ಸಗಟಿನವರು ಒತ್ತಾಯ ಮಾಡುವುದೂ ಇದಕ್ಕೇ. ಅಂಗಡಿಯಲ್ಲಿ ವೈದ್ಯರು ಕೂರುವ ವ್ಯವಸ್ಥೆ ಇಲ್ಲದವರು ಇಡಬಾರದು ಅನ್ನುವುದು ನನ್ನ ಅಭಿಪ್ರಾಯ. ನಿದ್ರೆ ಬರುತ್ತಿಲ್ಲ, ಮಂಡಿ ನೋವು ಅಂತ ಹಿರಿಯರು ಬಂದು ಕೇಳುತ್ತಾರೆ. ಅವರು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೋ ನಮಗೇನು ಗೊತ್ತು?

ಬೀಜದ ಎಣ್ಣೆಯನ್ನೇ ಸಿಬಿಡಿ ಎಣ್ಣೆ ಅಂತ ಮಾರಲು ಹೇಳಿಕೊಡುವವರೂ ಸಿಗುತ್ತಾರೆ. ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಅಚ್ಚು ಹಾಕಿಸಿದ ಪೋಸ್ಟರ್ ಕೊಟ್ಟರೆ ಗೋಡೆಗೆ ಅಂಟಿಸಬೇಡಿ. ಅಂಥ ಜಾಹೀರಾತನ್ನು ಔಷಧಗಳ ಜಾಹೀರಾತಿನ ಬಗ್ಗೆ ಇರುವ 1954ರ ಕಾಯ್ದೆಯೇ ತಡೆಯುತ್ತದೆ, ಹೊಣೆ ಅಂಟಿಸಿದವರ ಮೇಲೂ ಬರುತ್ತದೆ.

ಈಗ ನಮ್ಮಲ್ಲಿ ಇರುವುದು ಸಿಪ್ಪೆ ಇರುವ ಬೀಜ, ಸಿಪ್ಪೆ ತೆಗೆದದ್ದು, ಆರು ಬಾಟಲಿ ಎಣ್ಣೆ, ಒಂದಷ್ಟು ಚೀಲ. ಗಲ್ಲಾದ ಪಕ್ಕ ಒಂದು ಫೈಲು. ಪ್ರತಿ ಬ್ಯಾಚಿನ ವರದಿ ಅದರಲ್ಲಿ, ಕೆಜಿಗೆ ಎಷ್ಟು ಮಿಲಿಗ್ರಾಂ ಅನ್ನುವ ಸಾಲಿಗೆ ಹಳದಿ ಗೆರೆ ಎಳೆದಿಟ್ಟಿದ್ದೇನೆ. ಜೊತೆಗೆ ಹೆಂಪ್ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಮನೆಯವರು ಕುಟ್ಟಿದ ಚಟ್ನಿಪುಡಿ ಒಂದು ಡಬ್ಬಿ. ಕೇಳಿದವರಿಗೆ ಮೊದಲು ಫೈಲು ತೋರಿಸುತ್ತೇನೆ, ಆಮೇಲೆ ಅಂಗೈಗೆ ಒಂದು ಚಿಟಿಕೆ ಪುಡಿ ಹಾಕುತ್ತೇನೆ.